ಮಿಡತೆಯ ಕೋಟು

ಅಕ್ಟೋಬರ್ 3

ಅಕ್ಕ,

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಿದರೆ ನೀನು ಎರಡು ಪುಟ ಬರೆಯುತ್ತೀಯ, ಆದ್ದರಿಂದ ಮೊದಲು ನನ್ನ ಕೆಲಸದ ಮಾತು ಮುಗಿಸಿಬಿಡುತ್ತೇನೆ.

ನನಗೆ ಹೊಲಿಗೆ ಕಲಿಸು. ನಗಬೇಡ. ಮನೆಯಲ್ಲಿ ಒಂದು ಹಳೆಯ ಕೋಟಿದೆ, ದೊಡ್ಡವರ ಅಳತೆಯದು, ಗಾಢ ನೀಲಿ ಉಣ್ಣೆಯದು. ಅದನ್ನು ಚಿಕ್ಕದು ಮಾಡಿ ಹುಡುಗಿಗೆ ಹೊಲಿಯಬೇಕು. ಚಳಿ ಜೋರಾಗುವುದಕ್ಕೆ ಇನ್ನೂ ಒಂದೂವರೆ ತಿಂಗಳಿದೆ. ನನ್ನವಳ ಹತ್ತಿರ ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ನಿದೆ, ಆದರೆ ಅವಳು ಅದರಲ್ಲಿ ದಿಂಬಿನ ಚೀಲ ಬಿಟ್ಟು ಬೇರೇನೂ ಹೊಲಿದವಳಲ್ಲ. ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ನಾದಿ ನಾದಿ ಅವಳ ಕೈ ಸೋತಿರುತ್ತದೆ. ಅವಳನ್ನು ಕೇಳಲು ನನಗೆ ಮನಸ್ಸಿಲ್ಲ.

ಹುಡುಗಿಯ ಬಗ್ಗೆ ನಿನಗೆ ಹೆಚ್ಚೇನೂ ಬರೆದಿಲ್ಲ. ಹನ್ನೊಂದು ವರ್ಷ. ಕೈಕಾಲು ಉದ್ದ, ಕೂತಲ್ಲಿ ಕೂರುವವಳಲ್ಲ, ಮನೆಯಲ್ಲಿ ಮಿಡತೆ ಎಂದೇ ಕರೆಯುವುದು. ತಂದೆ ತೀರಿಹೋಗಿ ಮೂರು ವರ್ಷವಾಯಿತು. ನಾನು ಈ ಮನೆಗೆ ಬಂದು ಆರು ತಿಂಗಳಾದರೂ ಅವಳು ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಾದರೆ "ಇಲ್ನೋಡಿ" ಅನ್ನುತ್ತಾಳೆ. ಅವಳಮ್ಮ ಬೆಳಗ್ಗೆ ಬೇಗ ಹೋಗಿಬಿಡುವುದರಿಂದ ತಿಂಡಿಗೆ ನಾವಿಬ್ಬರೇ. ಬ್ರೆಡ್ಡು ಅಗಿಯುವ ಸದ್ದು ಕೇಳಿಕೊಂಡು ಎದುರುಬದುರು ಕೂತಿರುತ್ತೇವೆ. ಹಲ್ಲಿನ ಕೆಲಸದವನಾದ್ದರಿಂದ ಅವಳ ಬಲಗಡೆ ದವಡೆಯಲ್ಲಿ ಒಂದು ಹಾಲುಹಲ್ಲು ಇನ್ನೂ ಬಿದ್ದಿಲ್ಲ ಎಂಬುದಷ್ಟು ನನಗೆ ಗೊತ್ತಾಗಿದೆ. ಅದಕ್ಕಿಂತ ಹೆಚ್ಚಿನ ಪರಿಚಯವಾಗಿಲ್ಲ.

ಕಟ್ಟುಹಲ್ಲು ಮಾಡುವವನಿಗೆ ಕೋಟು ಹೊಲಿಯುವುದು ಯಾವ ಮಹಾ ಕೆಲಸ? ಅಳತೆ ತೆಗೆಯುವುದು, ಕೊರೆಯುವುದು, ಹೊಂದಿಸುವುದು, ಎಲ್ಲ ನನಗೆ ಗೊತ್ತಿದ್ದದ್ದೇ. ನೀನು ಅಪ್ಪನ ಅಂಗಿ ಕತ್ತರಿಸಿ ನನಗೆ ಅಕ್ಕಪಕ್ಕ ಕೆಂಪು ಪಟ್ಟಿ ಇಟ್ಟ ಅಂಗಿ ಹೊಲಿದುಕೊಟ್ಟಿದ್ದೆಯಲ್ಲ, ಆಗ ನಿನಗೆ ಹದಿನಾಲ್ಕು. ನನಗೀಗ ನಲವತ್ತೆರಡು. ಎಲ್ಲಿಂದ ಶುರುಮಾಡಲಿ, ಬರೆ.

ನಿನ್ನ ತಮ್ಮ


ಅಕ್ಟೋಬರ್ 11

ತಮ್ಮಾ,

ಮೊಣಕಾಲು ಇದ್ದಲ್ಲೇ ಇದೆ. ನಿನಗೆ ಎರಡು ಪುಟ ಉಳಿಸಿದ್ದೇನೆ.

ಮೊದಲು ಬೈಯಬೇಕಾದದ್ದನ್ನು ಬೈದುಬಿಡುತ್ತೇನೆ. ಆ ಮಗುವಿಗೆ ಒಂದು ಹೊಸ ಕೋಟು ತರಲು ನಿನಗೇನು ಕಷ್ಟ? ನೀನು ಹಾಕಿಬಿಟ್ಟ ಕೋಟನ್ನು ಕತ್ತರಿಸಿ ತೊಡಿಸಿದರೆ, ಹೆಂಡತಿಯ ಮಗಳೆಂದು ಕೈ ಬಿಗಿ ಹಿಡಿದಿದ್ದಾನೆ ಎಂದು ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ? ನೀನು ಚಿಕ್ಕಂದಿನಿಂದಲೂ ಹೀಗೇ. ಸೋಪು ಎಲೆಯಷ್ಟು ತೆಳುವಾದರೂ ಎಸೆಯಲು ಬಿಡುತ್ತಿರಲಿಲ್ಲ.

ಸರಿ, ಆ ಸೋಪಿನ ಚೂರು ಈಗ ಉಪಯೋಗಕ್ಕೆ ಬರುತ್ತದೆ, ಬಟ್ಟೆಯ ಮೇಲೆ ಗೆರೆ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಹೇಳುತ್ತೇನೆ ಕೇಳು. ಕೋಟಿನ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚು. ದಾರವನ್ನು ಎಳೆಯಬೇಡ, ಒಂದು ಹೊಲಿಗೆ ಬಿಟ್ಟು ಒಂದನ್ನು ಕೊಯ್ದರೆ ಅದೇ ಬಿಟ್ಟುಕೊಳ್ಳುತ್ತದೆ. ಬೆನ್ನು, ಎದೆಯ ಎರಡು ಭಾಗ, ತೋಳು ಬೇರೆ ಬೇರೆಯಾದ ಮೇಲೆ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸು. ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಮಾಡು. ಆಮೇಲೆ ಒಳಮೈಯನ್ನು ಹೊರಗೆ ತಿರುಗಿಸಿಕೋ. ಒಳಗಡೆ ಬಿಸಿಲು ತಾಗಿರುವುದಿಲ್ಲ, ಅಂಗಡಿಯಿಂದ ತಂದ ಹಾಗಿರುತ್ತದೆ. ಹುಡುಗಿಯ ಎದೆ, ಭುಜ, ತೋಳು, ಉದ್ದ ಅಳೆದುಕೊಂಡು ಗೆರೆ ಹಾಕಿ ಕತ್ತರಿಸು. ಮೊದಲು ಕೈಯಲ್ಲಿ ಸಡಿಲವಾಗಿ ಟಾಕು ಹಾಕಿ ನೋಡಿ, ಆಮೇಲೆ ಮೆಷಿನ್ನಿಗೆ ಕೊಡು. ಕಾಲರಿನ ತಂಟೆಗೆ ಹೋಗಬೇಡ, ಅದನ್ನು ಹಾಗೇ ಬಿಚ್ಚಿಟ್ಟುಕೊಂಡು ಕೊನೆಗೆ ಕೂರಿಸು.

ಒಂದು ಮಾತು. ಹೆದರಿ ಹೆದರಿ ಕತ್ತರಿ ಆಡಿಸಿದರೆ ಅಂಚು ಇಲಿ ಕಡಿದ ಹಾಗಾಗುತ್ತದೆ. ಹಳೆಯ ಕೋಟು ತಾನೆ, ಕೆಟ್ಟರೆ ಕೆಟ್ಟಿತು. ಧೈರ್ಯವಾಗಿ ಒಂದೇ ಸಲಕ್ಕೆ ಕತ್ತರಿಸು.

ಇಲ್ಲಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಈ ವಾರವೆಲ್ಲ ಹೊದಿಕೆಗಳಿಗೆ ತೇಪೆ ಹಾಕುವುದೇ ಆಯಿತು. ರೋಗಿಗಳು ಹಾಸಿಗೆ ಬಿಟ್ಟು ಏಳುವುದಿಲ್ಲ ಅನ್ನುತ್ತಾರೆ, ಹೊದಿಕೆ ಮಾತ್ರ ಕುಸ್ತಿ ಆಡಿದಂತೆ ಹರಿದು ಬರುತ್ತದೆ. ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು. ಮದುವೆಗೆ ಬರಲಾಗಲಿಲ್ಲ, ಈ ಕಾಲು.

ಅಕ್ಕ


ಅಕ್ಟೋಬರ್ 24

ಅಕ್ಕ,

ನೀನು ಹೇಳಿದಂತೆ ಎಲ್ಲ ಮಾಡಿದೆ. ಬಿಚ್ಚುವ ಕೆಲಸಕ್ಕೆ ಮಿಡತೆಯೂ ಕೂತಳು. ಮೂರು ದಿನ ಸಂಜೆ ಶಾಲೆಯಿಂದ ಬಂದವಳೇ ಚೀಲ ಎಸೆದು, ಕಿಟಕಿಯ ಹತ್ತಿರದ ಬೆಂಚಿನ ಮೇಲೆ ನನ್ನ ಎದುರು ಕೂತು, ಒಂದು ಬಿಟ್ಟು ಒಂದು ಹೊಲಿಗೆ ಕೊಯ್ದಳು. ನನಗಿಂತ ಅವಳ ಕೈ ಚುರುಕು. ಅಸ್ತರಿನ ಒಳಗೆ, ಜೇಬಿನ ತೂತಿನಿಂದ ಜಾರಿಹೋಗಿದ್ದ ಒಂದು ಗಿಡ್ಡ ಪೆನ್ಸಿಲ್ ಸಿಕ್ಕಿತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಎದ್ದು ತನ್ನ ಕೋಣೆಗೆ ಹೋಗಿ ಇಟ್ಟು ಬಂದು ಮತ್ತೆ ಕೂತಳು. ಮಾತೇನೂ ಇಲ್ಲ. ಆದರೆ ಇದು ತಿಂಡಿ ಹೊತ್ತಿನ ಮೌನದಂತಿರಲಿಲ್ಲ, ಇಬ್ಬರು ಕೆಲಸಗಾರರು ಸುಮ್ಮನಿರುವ ಹಾಗಿತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಮಾರನೆಯ ದಿನ ಲ್ಯಾಬಿನಲ್ಲಿ ಒಬ್ಬ ಅಜ್ಜನ ಕೆಳದವಡೆಗೆ ಮೇಲಿನ ಹಲ್ಲು ಕೂರಿಸಿಬಿಟ್ಟಿದ್ದೆ. ಡಾಕ್ಟರು ನೋಡುವ ಮೊದಲೇ ಕಿತ್ತು ಸರಿಮಾಡಿದೆ.

ಒಳಮೈ ತಿರುಗಿಸಿದರೆ ನೀನು ಹೇಳಿದ್ದು ನಿಜ, ಹೊಸ ಬಟ್ಟೆಯೇ. ಅಂಚಿನಲ್ಲಿ ಅಲ್ಲಲ್ಲಿ ನುಸಿ ತಿಂದಿತ್ತು, ಆದ್ದರಿಂದ ಪ್ರತಿಯೊಂದು ತುಂಡಿನ ನಡುಭಾಗದಲ್ಲೇ ಗೆರೆ ಹಾಕಿದೆ. ಭಾನುವಾರ ಕತ್ತರಿಸಿದೆ. ಅಳತೆಯ ವಿಷಯದಲ್ಲಿ ನನ್ನ ಮೇಲೆ ಭರವಸೆ ಇಡು. ಹಲ್ಲಿನ ಸೆಟ್ಟಿಗೂ ವಸಡಿಗೂ ನಡುವೆ ತೆಳು ಕಾಗದ ಕೂಡ ತೂರದ ಹಾಗೆ ಮಾಡುವವನು ನಾನು. ಮಿಡತೆಯ ಮೈಗೆ ಟೇಪು ಬಿಗಿಯಾಗಿ ಸುತ್ತಿ ಎಷ್ಟು ಬಂತೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದಂತೆ ಕತ್ತರಿಸಿದ್ದೇನೆ. ನೀನು ನೋಡಿದ್ದರೆ ಬೆನ್ನು ತಟ್ಟುತ್ತಿದ್ದೆ.

ಇನ್ನು ಹೊಲಿಯುವುದೊಂದೇ ಬಾಕಿ.

ತಮ್ಮ


ಅಕ್ಟೋಬರ್ 30

ತಮ್ಮಾ,

ಹೊಲಿಗೆಗೆ ಅಂತ ಅಂಚಿನಲ್ಲಿ ಎಷ್ಟು ಬಟ್ಟೆ ಬಿಟ್ಟೆ? ಅದನ್ನು ಬರೆದೇ ಇಲ್ಲವಲ್ಲ. ಮೆಷಿನ್ನಿಗೆ ಕೈ ಹಾಕುವ ಮೊದಲು ಉತ್ತರ ಬರೆ.

ಅಕ್ಕ


ನವೆಂಬರ್ 19

ಅಕ್ಕ,

ನಿನ್ನ ಕಾರ್ಡು ಬಂದು ಎರಡು ವಾರದ ಮೇಲಾಯಿತು. ಅದು ಕೈಗೆ ಸಿಗುವ ಹೊತ್ತಿಗೆ ಹೊಲಿದಾಗಿತ್ತು. ಉತ್ತರ ಬರೆಯಲು ಮುಖವಿರಲಿಲ್ಲ.

ಏನೂ ಬಿಟ್ಟಿರಲಿಲ್ಲ. ಬಿಡಬೇಕು ಎಂದು ನನಗೆ ಹೊಳೆಯಲೂ ಇಲ್ಲ. ನನ್ನ ಕೆಲಸದಲ್ಲಿ ಬಿಡುವುದೇ ತಪ್ಪು. ಎರಡು ತುಂಡು ಸೇರಿಸಿ ಹೊಲಿದಾಗ ಎರಡೂ ಕಡೆ ಒಂದೊಂದು ಬೆರಳು ಒಳಗೆ ಹೋಗುತ್ತದೆ ಎಂಬ ಇಷ್ಟು ಸಣ್ಣ ವಿಷಯ, ಹೊಲಿದು ಮುಗಿಸಿ ಕೈಯಲ್ಲಿ ಎತ್ತಿ ಹಿಡಿದಾಗ ಕಣ್ಣಿಗೆ ಬಿತ್ತು. ಉಸಿರಾಡುವುದಕ್ಕೆ, ಕೈ ಎತ್ತುವುದಕ್ಕೆ ಸಡಿಲ ಬೇಕು ಎಂಬುದೂ ಆಗಲೇ ತಿಳಿದದ್ದು. ಟಾಕು ಹಾಕಿ ನೋಡು ಎಂದು ನೀನು ಬರೆದಿದ್ದೆ. ಅಳತೆ ಸರಿಯಿರುವಾಗ ಅದೇಕೆ ಎಂದು ಬಿಟ್ಟೆ. ಶನಿವಾರ ಬೆಳಗ್ಗೆ ಮಿಡತೆಗೆ ತೊಡಿಸಿದರೆ ಮೊಣಕೈಯಿಂದ ಮೇಲೆ ತೋಳು ಏರಲಿಲ್ಲ.

ಈಗ ನಿನಗೆ ನಿಜ ಹೇಳಬೇಕು. ಅದು ನನ್ನ ಕೋಟಲ್ಲ. ಅವಳ ಅಪ್ಪನದು.

ಮೂರು ವರ್ಷ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅವಳು ಓದಿಕೊಳ್ಳುವಾಗ ಅದನ್ನು ಹೊದ್ದು ಕೂರುತ್ತಿದ್ದಳು, ಮೊಣಕಾಲಿನವರೆಗೆ ಬರುತ್ತಿತ್ತು. ಒಂದು ದಿನ ತಿಂಡಿ ಹೊತ್ತಿನಲ್ಲಿ, "ಇಲ್ನೋಡಿ, ಇದನ್ನ ನನಗೆ ಸರಿಯಾಗೋ ಹಾಗೆ ಚಿಕ್ಕದು ಮಾಡಕ್ಕೆ ಬರುತ್ತಾ ನಿಮಗೆ? ಶಾಲೆಗೆ ಹಾಕ್ಕೊಂಡು ಹೋಗ್ಬೇಕು" ಅಂದಳು. ದರ್ಜಿಯ ಹತ್ತಿರ ಕೊಡೋಣ ಅಂದೆ. "ಹೊರಗೆ ಕೊಡೋದು ಬೇಡ" ಅಂದಳು. ಆರು ತಿಂಗಳಲ್ಲಿ ಅವಳಾಗಿ ನನ್ನನ್ನು ಕೇಳಿದ್ದು ಅದೊಂದೇ. ಬರುತ್ತೆ ಅಂದುಬಿಟ್ಟೆ. ಸೂಜಿಗೆ ದಾರ ಪೋಣಿಸಲೂ ಬಾರದವನು ಹಾಗೆ ಅಂದುಬಿಟ್ಟೆ.

ನಿನಗೇಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಮುಟ್ಟಬೇಡ ಎನ್ನುತ್ತಿದ್ದೆ. ತೀರಿಹೋದ ಇನ್ನೊಬ್ಬನ ಕೋಟಿಗಾಗಿ ಇವನು ಇಷ್ಟು ಒದ್ದಾಡುತ್ತಾನೆ ಎಂದು ನೀನು ನಗಬಹುದು ಎಂಬ ನಾಚಿಕೆಯೂ ಇತ್ತು.

ಅವಳು ಅಳಲಿಲ್ಲ. "ಪರವಾಗಿಲ್ಲ" ಅಂದಳು. ಬಿಗಿದ ತೋಳಿನಿಂದ ಕೈ ಬಿಡಿಸಿಕೊಂಡು, ಕೋಟನ್ನು ಮಡಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡಳು. ಈಗ ತೆಳುವಾದ ಸ್ವೆಟರಿನಲ್ಲೇ ಶಾಲೆಗೆ ಹೋಗುತ್ತಾಳೆ. ತಿಂಡಿಯನ್ನು ನಿಂತುಕೊಂಡೇ ತಿನ್ನುತ್ತಾಳೆ. ನಾನು ಹೊಸ ಕೋಟು ತಂದೆ. "ಥ್ಯಾಂಕ್ಸ್" ಅಂದು ತೆಗೆದುಕೊಂಡಳು, ಒಂದು ದಿನವೂ ಹಾಕಲಿಲ್ಲ. ನನ್ನವಳು ಹೇಳಿದ ಮಾತು ನನ್ನನ್ನು ಕೊರೆಯುತ್ತಿದೆ. "ಅವಳಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಕಣ್ರೀ. ನಂಬಿ ಕೊಟ್ಟೆನಲ್ಲ ಅಂತ ತನ್ನ ಮೇಲೇ ಸಿಟ್ಟು."

ಮಿಕ್ಕಿರುವ ಬಟ್ಟೆಯೆಲ್ಲ ನುಸಿ ತಿಂದ ಚೂರು, ಗೇಣಿಗಿಂತ ಉದ್ದದ್ದು ಒಂದೂ ಇಲ್ಲ. ದಾರಿ ಏನಾದರೂ ಇದೆಯೇ? ಇಲ್ಲದಿದ್ದರೆ ಇಲ್ಲವೆಂದೇ ಬರೆ.

ತಮ್ಮ


ನವೆಂಬರ್ 27

ತಮ್ಮಾ,

ಇದೆ. ಆದರೆ ಅದಕ್ಕೆ ಮೊದಲು ನಾನು ಹೇಳಬೇಕಾದದ್ದು ಎರಡಿದೆ.

ಹೊಲಿಗೆಗೆ ಬಟ್ಟೆ ಬಿಡಬೇಕು ಎಂದು ನಾನು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಬೆಳೆದವನಿಗೆ ಅದನ್ನು ಹೇಳಿಕೊಡಬೇಕೇ ಎಂದುಕೊಂಡೆ. ಉಸಿರಾಡು ಎಂದು ಯಾರಾದರೂ ಬರೆಯುತ್ತಾರೆಯೇ? ಈಗ ಗೊತ್ತಾಯಿತು, ಬರೆಯಬೇಕಿತ್ತು. ಹಳೆಯ ಕೋಟು ತಾನೆ ಎಂದು ಹುರಿದುಂಬಿಸಿದವಳೂ ನಾನೇ. ತಪ್ಪಿನಲ್ಲಿ ಅರ್ಧ ನನ್ನದು, ಎತ್ತಿಕೊಂಡಿದ್ದೇನೆ.

ಇನ್ನೊಂದು. ಮದುವೆಗೆ ಬರದಿದ್ದದ್ದು ಕಾಲು ನೋವಿಗಲ್ಲ. ಸಿಟ್ಟಿಗೆ. ಅಮ್ಮ ಹೋದ ಮೇಲೆ ನಿನ್ನನ್ನು ಸಾಕಿದವಳು ನಾನು. ಹದಿನೈದು ವರ್ಷ ನಿನಗೆ ಹೆಣ್ಣು ನೋಡಿದೆ, ಒಬ್ಬಳ ಮೂಗು ಸರಿಯಿಲ್ಲ, ಒಬ್ಬಳ ಹಲ್ಲು ಸರಿಯಿಲ್ಲ ಎಂದು ನೀನು ಎಲ್ಲರನ್ನೂ ಬೇಡವೆಂದೆ. ಕೊನೆಗೆ ನೀನೇ ತಾರೀಕು ಗೊತ್ತುಮಾಡಿ ನನಗೆ ಕಾಗದ ಹಾಕಿದೆ. ನೋವಾಯಿತು. ಬೇರೆಯವರ ಮಗುವನ್ನು ತಲೆಯ ಮೇಲೆ ಹೊತ್ತುಕೊಂಡ ಎಂದೂ ಮನಸ್ಸಿನಲ್ಲಿ ಅಂದುಕೊಂಡೆ. ನೀನು ಕೋಟಿನ ವಿಷಯ ಮುಚ್ಚಿಟ್ಟದ್ದು ಏಕೆಂದು ಈಗ ಅರ್ಥವಾಯಿತು. ನಾನು ಅಂಥವಳಾಗಿದ್ದೆ ಎಂದೇ ನೀನು ಹೆದರಿದ್ದು. ಈ ಕಾಗದ ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಈಗ ಕೆಲಸದ ಮಾತು. ಆ ಕೆಂಪು ಪಟ್ಟಿಯ ಅಂಗಿಯನ್ನು ನೀನು ಎರಡು ವರ್ಷ ಮೈಮೇಲಿಂದ ಇಳಿಸಲಿಲ್ಲ. ಶಾಲೆಯಲ್ಲಿ ಇನ್ನಿಬ್ಬರು ಅಂಥದ್ದೇ ಬೇಕೆಂದು ಮನೆಯಲ್ಲಿ ಹಟ ಹಿಡಿದಿದ್ದರು ಎಂದು ನೀನೇ ಬಂದು ಹೇಳಿದ್ದೆ. ಆ ಪಟ್ಟಿ ಏಕೆ ಬಂತು ಗೊತ್ತೇ? ಅಪ್ಪನ ಒಳ್ಳೆಯ ಅಂಗಿಯನ್ನು ಕತ್ತರಿಸುವಾಗ ನಾನೂ ಬಟ್ಟೆ ಬಿಡಲು ಮರೆತಿದ್ದೆ. ನಿನ್ನ ಹೊಟ್ಟೆಗೆ ಗುಂಡಿ ಸೇರಲಿಲ್ಲ. ಬಚ್ಚಲಿನಲ್ಲಿ ಕೂತು ಅತ್ತೆ. ಅಮ್ಮ ಬಂದು, ಅಡುಗೆಮನೆ ಕಿಟಕಿಯ ಪರದೆ ಬಿಚ್ಚಿ ಕೈಗೆ ಕೊಟ್ಟು, "ಅಳೋದು ಆಮೇಲೆ, ಮೊದಲು ಪಟ್ಟಿ ಕತ್ತರಿಸು" ಅಂದಳು. ಇದು ಹೊಸ ಫ್ಯಾಶನ್ನು ಎಂದು ನಿನಗೆ ಹೇಳಿದೆ. ನೀನು ನಂಬಿದೆ. ಮೂವತ್ತೈದು ವರ್ಷ ನಂಬಿದೆ.

ನೀನೂ ಅದನ್ನೇ ಮಾಡಬೇಕು. ಪಕ್ಕದ ಹೊಲಿಗೆ ಎರಡನ್ನೂ ಬಿಚ್ಚು. ಕೆಳ ಅಂಚಿನಿಂದ ಕಂಕುಳಿಗೆ, ಅಲ್ಲಿಂದ ತೋಳಿನ ಕೆಳಗೆ ಹಾದು ಮಣಿಕಟ್ಟಿನವರೆಗೆ ಒಂದೇ ಉದ್ದನೆಯ ಪಟ್ಟಿ ಬರಬೇಕು. ಎರಡು ಪಕ್ಕಕ್ಕೆ ಎರಡು. ಬೆನ್ನಿನ ನಡುವೆ ಕೊಯ್ದು ಅಲ್ಲಿಗೆ ಇನ್ನೊಂದು. ಪಟ್ಟಿ ನಾಲ್ಕು ಬೆರಳು ಅಗಲವಿರಲಿ, ಅದರ ಮೇಲೆ ಎರಡೂ ಕಡೆ ಹೊಲಿಗೆಗೆ ಒಂದೊಂದು ಬೆರಳು ಬಿಡು. ಮತ್ತೆ ಹೇಳುತ್ತೇನೆ, ಒಂದೊಂದು ಬೆರಳು ಬಿಡು. ಟಾಕು ಹಾಕದೆ ಮೆಷಿನ್ನು ಮುಟ್ಟಿದರೆ ನನ್ನ ಮೇಲಾಣೆ.

ಪಟ್ಟಿಗೆ ಯಾವ ಬಟ್ಟೆ ಎಂದು ನೀನು ಆರಿಸಬೇಡ. ಅವಳನ್ನೇ ಕೇಳು. ನಿನ್ನದು ಅಂಗಿ, ನಾನು ಹೇಳಿದ್ದನ್ನು ನಂಬಿಕೊಂಡು ಕುಣಿದೆ. ಅವಳದು ಅಪ್ಪನ ಕೋಟು, ಅವಳಿಗೆ ಸುಳ್ಳು ಹೇಳಿ ಸಮಾಧಾನ ಮಾಡಲಾಗದು. ತಪ್ಪು ಹೇಗಾಯಿತು ಎಂದು ಬಿಡಿಸಿ ಹೇಳು, ನನ್ನ ಪಾಲನ್ನೂ ಸೇರಿಸಿ ಹೇಳು. ಬೇಡ ಅಂದರೆ ಆ ಕೋಟು ಕಪಾಟಿನಲ್ಲೇ ಇರಲಿ, ಒತ್ತಾಯ ಮಾಡಬೇಡ.

ಅಕ್ಕ


ಡಿಸೆಂಬರ್ 10

ಅಕ್ಕ,

ನಿನ್ನ ಕಾಗದವನ್ನು ಮದುವೆಯ ಭಾಗ ಬಿಟ್ಟು ಮಿಡತೆಗೆ ಓದಿ ಹೇಳಿದೆ. ಬಚ್ಚಲಿನಲ್ಲಿ ಕೂತು ಅತ್ತದ್ದನ್ನು ಎರಡು ಸಲ ಓದಿಸಿದಳು. "ಆಮೇಲೆ ಕಿಟಕಿಗೆ ಪರದೆ?" ಎಂದು ಕೇಳಿದಳು. ಪರದೆ ಎಲ್ಲಿ ಹೋಯಿತೆಂದು ಆ ವಯಸ್ಸಿನಲ್ಲಿ ನಾನು ಯೋಚಿಸಿರಲಿಲ್ಲ ಅಂದೆ. ಅವಳು ಕೋಟಿನ ಸುದ್ದಿ ಎತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ನೀನು ಹೇಳಿದ್ದೆಯಲ್ಲ.

ಮೂರನೆಯ ದಿನ ನಾನು ಕೆಲಸದಿಂದ ಬಂದಾಗ ಮೇಜಿನ ಮೇಲೆ ಪತ್ರಿಕೆ ಬಿಡಿಸಿ ನೀಲಿ ಕೋಟು ಹರಡಿತ್ತು. ಪಕ್ಕದ ಹೊಲಿಗೆಯನ್ನು ಅವಳೇ ಬಿಚ್ಚಿಟ್ಟಿದ್ದಳು. ಅದರ ಪಕ್ಕದಲ್ಲಿ ನನ್ನ ಕಂದು ಪ್ಯಾಂಟು. ಹಳೆಯದಲ್ಲ ಅಕ್ಕ, ಮದುವೆಗೆಂದು ಹೊಲಿಸಿದ್ದು. ನನ್ನ ಕಪಾಟಿನಲ್ಲಿ ಮೊಣಕಾಲು ಸವೆದ ಪ್ಯಾಂಟು ನಾಲ್ಕಿದ್ದವು, ಅವನ್ನು ಮುಟ್ಟಿಯೂ ಇರಲಿಲ್ಲ. "ಇಲ್ನೋಡಿ, ಇದು" ಅಂದಳು. ನನ್ನವಳು ಬಾಯಿ ತೆರೆದಳು, ನಾನು ಕಣ್ಣಿನಲ್ಲೇ ತಡೆದೆ. ಕತ್ತರಿ ಎತ್ತಿಕೊಂಡೆ. ಈ ಸಲ ಮೊದಲು ಎರಡೆರಡು ಸಲ ಅಳೆದುಕೊಂಡೆ.

ಅವಳು ಮೆಷಿನ್ನಿನ ಹಿಡಿ ತಿರುಗಿಸಿದಳು, ನಾನು ಬಟ್ಟೆ ನಡೆಸಿದೆ. ನಾನು "ನಿಧಾನ" ಅಂದರೆ ಅವಳು ನಿಧಾನ, ಅವಳು "ಸೊಟ್ಟ ಹೋಗ್ತಿದೆ" ಅಂದರೆ ನಾನು ನಿಲ್ಲುವುದು. ಐದು ಸಂಜೆ ಹಿಡಿಯಿತು. ಪಟ್ಟಿಗೆ ಎರಡೂ ಕಡೆ ಒಂದು ಬೆರಳು ಸಾಲದೆಂದು ಒಂದೂವರೆ ಬಿಟ್ಟಿದ್ದೇನೆ, ಬೈಯಬೇಡ. ಗುಂಡಿ ಅವಳೇ ಕೂರಿಸಿದಳು. ತೋಳಿನ ಉದ್ದದ ಬಗ್ಗೆ ಮಾತ್ರ ನನಗೆ ಅನುಮಾನ. ಮೂರು ಸಲ ತೊಡಿಸಿ ಅಳೆದೆ, ಮೂರು ಸಲವೂ ಎರಡೂ ಒಂದೇ ಸಮ ಬಂತು. ಆದರೂ ಬಲಗಡೆಯದು ನನ್ನ ಕಣ್ಣಿಗೆ ಏನೋ ಹೆಚ್ಚಿದಂತೆ ಕಾಣುತ್ತದೆ. ಬಿಚ್ಚಿ ನೋಡಲೇ?

ಸೋಮವಾರದಿಂದ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾಳೆ. ತಿಂಡಿಗೆ ಕೂತುಕೊಳ್ಳುತ್ತಾಳೆ. ನಿನ್ನೆ ಬಲಗಡೆಯ ಆ ಹಾಲುಹಲ್ಲು ಬಿತ್ತು, ತಂದು ನನ್ನ ತಟ್ಟೆಯ ಪಕ್ಕ ಇಟ್ಟು, "ನಿಮ್ಮ ಕೆಲಸದ್ದು" ಅಂದಳು. ಈಗಲೂ ನನ್ನನ್ನು ಏನೆಂದೂ ಕರೆಯುವುದಿಲ್ಲ. ಕರೆಯಲಿ ಎಂದು ನನಗೆ ಆಸೆಯಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು. ಸತ್ತವನ ಜಾಗ ನನಗೆ ಬೇಡ. ನನ್ನದೂ ಅಂತ ಒಂದು ಮೂಲೆ ಸಿಕ್ಕರೆ ಸಾಕು.

ಇದರ ಜೊತೆ ಅವಳ ಕಾಗದವಿದೆ. ನಿನಗಂತೆ. ನಾನು ಓದದ ಹಾಗೆ ಸುತ್ತಲೂ ಗೋಂದು ಬಳಿದಿದ್ದಾಳೆ. ಬಿಡಿಸುವಾಗ ಹುಷಾರು, ಹರಿದೀತು.

ತಮ್ಮ


ಡಿಸೆಂಬರ್ 10

ಅತ್ತೆಗೆ,

ಕೋಟು ಚೆನ್ನಾಗಿದೆ. ನೀವು ಹೇಳಿಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ಒಂದು ವಿಷಯ ಇದೆ, ಇವರಿಗೆ ಹೇಳಬೇಡಿ. ಬಲಗಡೆ ತೋಳು ಒಂದು ಬೆರಳು ಉದ್ದ ಇದೆ. ಇವರು ಅಳೆಯುವಾಗೆಲ್ಲ ನಾನು ಬಲಗೈ ಸ್ವಲ್ಪ ಮುಂದಕ್ಕೆ ಚಾಚಿ ನಿಂತುಕೊಂಡೆ, ಸಮ ಕಾಣಲಿ ಅಂತ. ಗೊತ್ತಾದರೆ ಮತ್ತೆ ಎಲ್ಲ ಬಿಚ್ಚುತ್ತಾರೆ. ಆಮೇಲೆ ಊಟ ಕೂಡ ಸರಿಯಾಗಿ ಮಾಡಲ್ಲ. ಹೋದ ಸಲ ಹಾಗೇ ಆಗಿತ್ತು. ನನಗೆ ಉದ್ದ ಇದ್ದರೆ ಏನೂ ತೊಂದರೆ ಇಲ್ಲ, ಕೈ ಬೆಚ್ಚಗಿರುತ್ತೆ.

ಮದುವೆ ಪ್ಯಾಂಟು ಯಾಕೆ ತಗೊಂಡೆ ಅಂತ ಅಮ್ಮ ಆಮೇಲೆ ಬೈದರು. ಹಳೇ ಪ್ಯಾಂಟು ಹಾಕಿದರೆ ಪಟ್ಟಿ ಮೊದಲು ಹರಿಯುತ್ತೆ, ಅಪ್ಪನ ಬಟ್ಟೆ ಉಳಿಯುತ್ತೆ. ಎರಡೂ ಒಟ್ಟಿಗೆ ಇರಲಿ ಅಂತ ಹೊಸದು ತಗೊಂಡೆ.

ನನ್ನ ಕ್ಲಾಸಿನವಳು ಇಂಥ ಕೋಟು ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳಿದಳು. ಸಿಗಲ್ಲ ಅಂದೆ.

ರಜೆಗೆ ಬನ್ನಿ. ಕಿಟಕಿ ಪರದೆ ಆಮೇಲೆ ಏನಾಯಿತು ಅಂತ ಹೇಳಿ.

ಮಿಡತೆ


ಡಿಸೆಂಬರ್ 18

ತಮ್ಮಾ,

ತೋಳನ್ನು ಬಿಚ್ಚಿದೆಯೋ, ನೋಡು. ಮೂರು ಸಲ ಅಳೆದು ಸಮ ಬಂದಿದ್ದರೆ ಸಮವೇ. ಹೊಲಿದವನ ಕಣ್ಣಿಗೆ ಯಾವಾಗಲೂ ಒಂದು ಕಡೆ ಹೆಚ್ಚೇ ಕಾಣುತ್ತದೆ, ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವವಳು ಹೇಳುತ್ತಿದ್ದೇನೆ. ಇನ್ನು ಆ ಕೋಟಿನ ಹತ್ತಿರ ಕತ್ತರಿ ತರಬೇಡ.

ಜನವರಿಯಲ್ಲಿ ಹತ್ತು ದಿನ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ನಿನ್ನ ಹೆಂಡತಿಗೆ ತಿಳಿಸು, ಕಾಲು ನೋವಿನ ನೆಪ ಈ ಸಲ ಇಲ್ಲ. ಅವಳಿಗೆ ಕೋಪವಿದ್ದರೆ ಎದುರಿಗೇ ಬೈಯಲಿ, ಬೈಸಿಕೊಳ್ಳುತ್ತೇನೆ. ನಿನಗೂ ಒಂದು ಪ್ಯಾಂಟು ಹೊಲಿದುಕೊಡಬೇಕಲ್ಲ.

ಹುಡುಗಿಯ ಕಾಗದದಲ್ಲಿ ಏನಿತ್ತು ಎಂದು ಕೇಳಬೇಡ, ಅದು ನಮ್ಮಿಬ್ಬರದು. ಅದರ ಮೊದಲ ಸಾಲನ್ನು ಮಾತ್ರ ಹೇಳುತ್ತೇನೆ, ಹೇಳದೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಅವಳು ನನಗೆ ಆಂಟಿ ಎಂದು ಬರೆಯಬಹುದಿತ್ತು. ನಮಸ್ಕಾರ ಎಂದಷ್ಟೇ ಬರೆದು ಜಾರಿಕೊಳ್ಳಬಹುದಿತ್ತು, ನಿನ್ನ ಹತ್ತಿರ ಮಾಡುವ ಹಾಗೆ. ‘ಅತ್ತೆಗೆ’ ಎಂದು ಬರೆದಿದ್ದಾಳೆ. ನಾನು ಆ ಸಾಲನ್ನು ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ.

ಅವಳನ್ನು ಏನೂ ಕೇಳಬೇಡ, ನಾನು ಹೇಳಿದೆನೆಂದು ಗೊತ್ತಾಗುವುದೂ ಬೇಡ. ಬಾಯಿಗೆ ಬರುವಾಗ ಬರಲಿ. ಅತ್ತೆ ಎಂದರೆ ಅಪ್ಪನ ಅಕ್ಕ. ಇನ್ನು ನೀನು ಅವಳಿಗೆ ಯಾರು ಎಂದು ನನಗೆ ಕಾಗದ ಬರೆದು ಕೇಳಬೇಡ.

ಅಕ್ಕ